ತಾಯಿಯ ಬಲಗೆನ್ನೆ

ಆಳಂದದ ನಮ್ಮ ಮನೆಯಲ್ಲಿ ಅಪ್ಪ ಕಾಲಿಡದ ಕೋಣೆ ಒಂದಿತ್ತು. ಪಡಸಾಲೆ ದಾಟಿ, ಅಡುಗೆಮನೆ ದಾಟಿ, ತಲೆ ಬಗ್ಗಿಸಿಯೇ ಒಳಹೋಗಬೇಕಾದ ಗಿಡ್ಡ ಬಾಗಿಲಿನ ಕೋಣೆ. ಅದಕ್ಕೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು, ಅದರಿಂದ ಬೆಳಗಿನ ಹೊತ್ತು ಒಂದು ಚೌಕ ಬಿಸಿಲು ಇಳಿದು ನೆಲದ ಮೇಲೆ ಕೂರುತ್ತಿತ್ತು. ಒಂದು ಮೂಲೆಯಲ್ಲಿ ಜೋಳದ ಚೀಲ, ಇನ್ನೊಂದು ಮೂಲೆಯಲ್ಲಿ ತೊಗರಿಬೇಳೆಯ ಡಬ್ಬಿ, ನಡುವೆ ಕಲ್ಲಿನ ದೇವರ ಜಗಲಿ. ಜಗಲಿಯ ಮೇಲೆ ತೆಂಗಿನಕಾಯಿ ಗಾತ್ರದ ಹಿತ್ತಾಳೆಯ ಎಲ್ಲಮ್ಮನ ಮುಖ. ಆಯಿ, ಅಂದರೆ ಅಪ್ಪನ ತಾಯಿ, ದಿನವೂ ಅದಕ್ಕೆ ಭಂಡಾರದ ಅರಿಶಿನ ಹಚ್ಚಿ ಹಚ್ಚಿ ದೇವಿಯ ಮೂಗು ಅರ್ಧ ಸವೆದಿತ್ತು. ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ ಅಪ್ಪನಿಗೆ ಬೇಳೆ ಬೇಕಾದರೆ ಪಕ್ಕದ ಮನೆಯವರನ್ನು ಕರೆಯುತ್ತಿದ್ದನೇ ಹೊರತು ಆ ಹೊಸ್ತಿಲು ದಾಟುತ್ತಿರಲಿಲ್ಲ. ಅಪ್ಪನ ತಮ್ಮ ಬಸಣ್ಣ ಕಾಕಾ ಮಾತ್ರ ದಿನಾ ಬೆಳಿಗ್ಗೆ ಒಳಗೆ ಹೋಗಿ, ಹಣೆಗೆ ಭಂಡಾರ ಹಚ್ಚಿಕೊಂಡು, ಕೈ ಮುಗಿದು, ಆಮೇಲೆ ಡ್ಯೂಟಿಗೆ ಹೊರಡುತ್ತಿದ್ದ. ಹಾಗೆ ನೋಡಿದರೆ ಇಬ್ಬರಿಗೂ ದೇವರಲ್ಲಿ ನಂಬಿಕೆ ಇರಲಿಲ್ಲ. ಅಪ್ಪ ಅದನ್ನು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದ. ಕಾಕಾ ನನಗೂ ಅಪ್ಪನಿಗೂ ಮಾತ್ರ ಹೇಳಿದ್ದ, ಆಯಿಗೆ ಗೊತ್ತಿಲ್ಲವೆಂದು ತಿಳಿದಿದ್ದ.

ಹೋದ ತಿಂಗಳು ಜೇವರ್ಗಿಯ ನನ್ನ ಮನೆಗೆ ನನ್ನ ಇಬ್ಬರು ಹಳೆಯ ಸ್ಟೂಡೆಂಟುಗಳು ಬಂದಿದ್ದರು. ಇಬ್ಬರೂ ಈಗ ಟೀಚರುಗಳು, ಇಬ್ಬರೂ ದೇವರನ್ನು ನಂಬದವರು, ಬೆಸ್ಟ್ ಫ್ರೆಂಡ್ಸ್. ನನ್ನ ಡೈನಿಂಗ್ ಟೇಬಲ್ಲಿಗೆ ಕೂತವರೇ ಜಗಳ ಶುರು ಮಾಡಿದರು. ಒಬ್ಬಳು, ಮೂಢನಂಬಿಕೆ ಕಂಡಲ್ಲಿ ಮುಖಕ್ಕೇ ಹೇಳಬೇಕು, ಸುಮ್ಮನಿರುವುದೂ ಸುಳ್ಳೇ ಅಂದಳು. ಇನ್ನೊಬ್ಬಳು, ಮುಖಕ್ಕೆ ಹೊಡೆದಂತೆ ಹೇಳಿದರೆ ಯಾರು ಕೇಳುತ್ತಾರೆ, ಅವರ ಜೊತೆ ಕೂತು ಅವರದೇ ಮಾತಿನಲ್ಲಿ ದಾರಿಗೆ ತರಬೇಕು ಅಂದಳು. ಚಹಾ ಆರಿ ಕೆನೆ ಕಟ್ಟಿತು. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿ, "ಮೇಡಂ, ನೀವು ಯಾರ ಪಾರ್ಟಿ?" ಅಂತ ಕೇಳಿದರು. ನನಗೆ ನಗು ಬಂತು. ನಾನು ಹತ್ತು ವರ್ಷದವಳಿದ್ದಾಗ ಇದೇ ಜಗಳ ನಮ್ಮ ಪಡಸಾಲೆಯಲ್ಲಿ ನಡೆದಿತ್ತು, ಅದರ ನಡುವೆ ನಮ್ಮ ಆಯಿಯ ಎರಡು ಕಣ್ಣುಗಳಿದ್ದವು. ಆ ಹುಡುಗಿಯರಿಗೆ ಅವತ್ತು ಚಹಾ ಬಿಸಿ ಮಾಡಿಕೊಟ್ಟೆ, ಅಷ್ಟೇ. ಉತ್ತರ ಒಂದು ಸಾಲಿನದಾಗಿರಲಿಲ್ಲ.

ಅಪ್ಪ ಹೈಸ್ಕೂಲಿನಲ್ಲಿ ಸೈನ್ಸ್ ಮಾಸ್ತರ. ಆಯಿಯೂ ಅವನನ್ನು ಮಾಸ್ತರ ಅಂತಲೇ ಕರೆಯುತ್ತಿದ್ದಳು, ಅರ್ಧ ಹೆಮ್ಮೆ ಅರ್ಧ ಚೇಷ್ಟೆ. ಆಯಿಯ ಕಣ್ಣು ಮಂಜಾಗತೊಡಗಿದ ಮೇಲೆ ಆಕೆಗೆ ದಿನಾ ಸಂಜೆ ಪುರಾಣ ಓದಿ ಹೇಳುವ ಕೆಲಸ ಅಪ್ಪನ ಪಾಲಿಗೆ ಬಂದಿತ್ತು. ನಾಸ್ತಿಕನಾದ ಮಗ ತಾಯಿಗೆ ಪುರಾಣ ಓದುವುದು ನಮ್ಮ ಓಣಿಯವರಿಗೆ ಫ್ರೀ ನಾಟಕವಾಗಿತ್ತು. ಅಪ್ಪನ ಓದು ಸ್ಪಷ್ಟ, ಉಚ್ಚಾರ ಶುದ್ಧ. ಆದರೆ ಎರಡು ಸಾಲಿಗೊಮ್ಮೆ ಬೆರಳಿಟ್ಟು ನಿಲ್ಲಿಸುತ್ತಿದ್ದ.

"ಯವ್ವಾ, ಇಲ್ಲಿ ಆಕಾಶದಿಂದ ಹೂವಿನ ಮಳಿ ಬಿತ್ತಂತ ಬರದಾರ. ಅಷ್ಟ ಮ್ಯಾಲೆ ಹೂವಿನ ತ್ವಾಟಾ ಯಾರು ಹಾಕಿದ್ರು? ನೀರ ಯಾರು ಬಿಟ್ರು?"

"ಓದೂದು ನಿನ್ನ ಕೆಲಸ, ನಂಬೂದು ನಂದು. ಮುಂದ ಓದು ಮಾಸ್ತರಾ."

ಕಾಕಾ ಸರಕಾರಿ ದವಾಖಾನೆಯಲ್ಲಿ ಕಂಪೌಂಡರ್. ಅವನ ರೀತಿಯೇ ಬೇರೆ. ಜ್ವರ ಬಂದವರು ಗುಳಿಗೆ ನುಂಗಲು ಅಂಜಿದರೆ ಜೇಬಿನಿಂದ ಒಂದು ಚಿಟಿಕೆ ಭಂಡಾರ ತೆಗೆದು, "ಮೊದಲ ಇದು ಬಾಯಾಗ ಹಾಕ್ಕೋ, ಇದರ ಹಿಂದ ಗುಳಗಿ ನುಂಗು, ಗುಳಗಿ ಬಿಟ್ಟಿ ಅಂದ್ರ ತಾಯಿ ಸಿಟ್ಟಿಗೇಳ್ತಾಳ" ಅನ್ನುತ್ತಿದ್ದ. ಸರಸಂಬಾದಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬಂದವರೂ ಡಾಕ್ಟರನ್ನು ಬಿಟ್ಟು ಬಸಣ್ಣನನ್ನು ಕೇಳುತ್ತಿದ್ದರು. ಈ ಸುದ್ದಿ ಊಟಕ್ಕೆ ಕೂತಾಗ ಬರುತ್ತಿತ್ತು. ಅವ್ವ ಬಿಸಿ ಜೋಳದ ರೊಟ್ಟಿ ತಟ್ಟಿ ತಟ್ಟಿ ಹಾಕುತ್ತಿದ್ದಳು, ಪುಂಡಿಪಲ್ಯ, ಶೇಂಗಾ ಹಿಂಡಿ ತಟ್ಟೆಯಲ್ಲಿರುತ್ತಿದ್ದವು. ಅಣ್ಣ ತಮ್ಮ ಮಾತ್ರ ತುತ್ತು ಕೈಯಲ್ಲಿ ಹಿಡಿದು ವಾದಕ್ಕೆ ಬೀಳುತ್ತಿದ್ದರು.

"ಲೇ ಬಸ್ಯಾ, ನೀ ಮಂದಿಗೆ ಗುಳಗಿ ಕೊಡಾಕತ್ತೀಯೋ, ಅಂಜಿಕಿ ಕೊಡಾಕತ್ತೀಯೋ?"

"ಅಣ್ಣಾ, ನೀ ಎದಿ ಉಬ್ಬಿಸಿ ಖರೇ ಹೇಳ್ತಿ. ನಿನ್ನ ಖರೇ ಕೇಳಿ ಒಬ್ಬಾಂವರೆ ಗುಳಗಿ ನುಂಗ್ಯಾನೇನು ಹೇಳು."

"ನುಂಗದಿದ್ರ ಬಿಡಲಿ. ಆಂವಗೂ ತೆಲಿ ಅದ ಅಂತ ನಾ ನಂಬ್ತೇನಿ. ನೀ ಅದನ್ನೂ ನಂಬೂದಿಲ್ಲ."

"ಇಬ್ರೂ ಮೊದಲ ರೊಟ್ಟಿ ಮುರೀರಿ," ಅವ್ವ ಒಲೆಯ ಮುಂದಿನಿಂದ ಅನ್ನುತ್ತಿದ್ದಳು. "ಆರಿದ ರೊಟ್ಟಿ ದೇವರು ಇದ್ದಾನನ್ನಂವನೂ ತಿನ್ನೂದಿಲ್ಲ, ಇಲ್ಲನ್ನಂವನೂ ತಿನ್ನೂದಿಲ್ಲ."

ನಾನು ಆಗ ಗುಲ್ಬರ್ಗದ ಕಾನ್ವೆಂಟ್ ಹಾಸ್ಟೆಲಿನಲ್ಲಿ ಓದುತ್ತಿದ್ದೆ. ಕ್ರಿಸ್‌ಮಸ್ ರಜೆಗೆ ಮನೆಗೆ ಬಂದಾಗ ಆಯಿಯ ಬಲಗೈಗೆ ಬಟ್ಟೆ ಸುತ್ತಿತ್ತು. ಹಂಚು ಎಲ್ಲಿದೆಯೆಂದು ಕಾಣದೆ ಅಂಗೈಯನ್ನೇ ಕಾದ ಹಂಚಿನ ಮೇಲೆ ಊರಿದ್ದಳಂತೆ. ನನ್ನನ್ನು ಗುರುತಿಸಲು ಮುಖ ಮುಟ್ಟಿ, ಜಡೆ ಎಳೆದು, "ಸುಮೀ, ಜಡಿ ಸಣ್ಣ ಆಗ್ಯಾವಲ್ಲಬೇ, ಹಾಸ್ಟೆಲ್‌ದಾಗ ಎಣ್ಣಿ ಹಚ್ಚೂದಿಲ್ಲೇನು?" ಅಂದಳು. ಎರಡೂ ಕಣ್ಣಿಗೆ ಮೋತಿಬಿಂದು, ಹಾಲಿನಂಥ ಬಿಳಿ ಪೊರೆ. ಆ ವಾರವೇ ಅಪ್ಪನ ಸ್ಕೂಲಿನ ಕೋಣೆಗಳಲ್ಲಿ ಕಣ್ಣಿನ ಕ್ಯಾಂಪ್ ಇತ್ತು, ಸೊಲ್ಲಾಪುರದಿಂದ ಡಾಕ್ಟರುಗಳು ಬರುವವರಿದ್ದರು. ಹೆಸರು ಬರೆಸಲು ಭಾನುವಾರ ಮಧ್ಯಾಹ್ನದವರೆಗೆ ಟೈಮು. ಆ ಕ್ಯಾಂಪ್ ಬರುವುದು ವರ್ಷಕ್ಕೊಮ್ಮೆ, ಇನ್ನೊಂದು ವರ್ಷ ಬಿಟ್ಟರೆ ಪೊರೆ ಹಣ್ಣಾಗಿ ಒಳಗೇ ಒಡೆಯಬಹುದು, ಆಮೇಲೆ ಯಾವ ಡಾಕ್ಟರ್ ಕೈಲೂ ಆಗುವುದಿಲ್ಲ ಅಂತ ಕಾಕಾ ಹೇಳಿದ್ದ. ಆಯಿ ಮಾತ್ರ ಒಲ್ಲೆ ಅಂದುಬಿಟ್ಟಿದ್ದಳು.

"ಇಷ್ಟ ವರ್ಷ ತಾಯಿ ಕಾಯ್ದಾಳ. ಇನ್ನ ಮ್ಯಾಲೂ ಕಾಯ್ತಾಳ."

"ಕಾಯಾಕಿ ನಿನ್ನ ಕೈ ಹಂಚಿನ ಮ್ಯಾಲೆ ಯಾಕ ಬಿಟ್ಲು?" ಅಪ್ಪ ದನಿ ಏರಿಸಿದ.

"ಕೈ ಅಷ್ಟ ಸುಟ್ಟೀತು. ಮೈ ಉಳಿಸಿದ್ಲಲ್ಲ."

"ಇದಕ್ಕ ಏನಂತ ಉತ್ತರ ಕೊಡಬೇಕು ನಾ?"

"ಇಲ್ಲಲ್ಲ ಉತ್ತರ? ಹಂಗಾರ ಸುಮ್ಮ ಕೂಡು."

ಗುರುವಾರ ಸಂಜೆ ಕಾಕಾ ನನ್ನನ್ನು ಹಿತ್ತಲಿನ ಕಟ್ಟೆಗೆ ಕರೆದ. "ನಿಮ್ಮ ಸಿಸ್ಟರ್‌ಗಳು ಸೀಕ್ರೆಟ್ ಅಂದ್ರ ಏನಂತ ಕಲಿಸ್ಯಾರ ಸುಮೀ?" ಅಂದ. ಸೀಕ್ರೆಟ್ ಅಂದ ಕೂಡಲೇ ನಾನು ಅವನ ಪಾರ್ಟಿ ಆಗಿಬಿಟ್ಟೆ. ಅವನ ಪ್ಲ್ಯಾನ್ ಇದು: ಆಯಿ ಹೂ ಕೇಳಲಿ. ದೇವಿಯ ಮುಖದ ಎರಡೂ ಕೆನ್ನೆಗೆ ಒಂದೊಂದು ಹೂವಿನ ಎಸಳನ್ನು ನೀರಿನಲ್ಲಿ ಅದ್ದಿ ಅಂಟಿಸುವುದು, ಮನಸ್ಸಿನಲ್ಲಿರುವುದನ್ನು ಕೇಳುವುದು, ಮೊದಲು ಯಾವ ಎಸಳು ಉದುರುತ್ತದೋ ಅದೇ ತಾಯಿಯ ಮಾತು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಕಾಕಾ ಇದನ್ನು ಮಂದಿಯ ಬಾಯಲ್ಲಿ ಕೇಳಿದ್ದನೇ ಹೊರತು ನಮ್ಮ ಮನೆಯಲ್ಲಿ ನೋಡಿರಲಿಲ್ಲ. ಅವನು ಕೂಸಾಗಿದ್ದಾಗಲೇ ಆಯಿ ಹೂ ಕೇಳುವುದನ್ನು ನಿಲ್ಲಿಸಿದ್ದಳಂತೆ, ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ಅವನು ಕೇಳು ಅಂದಾಗ ಆಯಿ ಬಹಳ ಹೊತ್ತು ಸುಮ್ಮನಿದ್ದು, "ಹಚ್ಚಾಕ ನನಗ ಕಾಣೂದಿಲ್ಲ, ಸುಮಿ ಹಚ್ಚಲಿ" ಅಂದಿದ್ದಳು. ಆ ಸುಮ್ಮನಿದ್ದುದನ್ನು ಕಾಕಾ ಒಪ್ಪಿಗೆ ಅಂತ ತಿಳಿದ. ನನಗೆ ಅವನು ಹೇಳಿಕೊಟ್ಟದ್ದು ಇಷ್ಟು: ಎಡಗಡೆಯ ಎಸಳಿಗೆ ನೀರಿನ ಜೊತೆ ಭಂಡಾರ ಸವರಿ ಗಟ್ಟಿ ಒತ್ತಬೇಕು, ಬಲಗಡೆಯದಕ್ಕೆ ಬರೀ ನೀರು ಮುಟ್ಟಿಸಿ ಬಿಡಬೇಕು.

ಶುಕ್ರವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಹಿತ್ತಲಿನ ಹಳದಿ ಸೇವಂತಿಗೆ ಕಿತ್ತು ತಂದು, ನಾನು ಹಾಗೇ ಮಾಡಿದೆ. ಸ್ಕೂಲ್ ಡ್ರಾಮಾದಲ್ಲಿ ಏಂಜಲ್ ಪಾರ್ಟ್ ಮಾಡಿದ್ದ ನನಗೆ ಇದೂ ಅಂಥದೇ ಒಂದು ಗುಡ್ ವರ್ಕ್ ಅನಿಸಿತ್ತು. ಆಯಿ ಕಣ್ಣು ಮುಚ್ಚಿ ಏನೋ ಕೇಳಿಕೊಂಡಳು. ಬಿಸಿಲಿನ ಚೌಕ ಒಂದು ಗೇಣು ಸರಿಯುವಷ್ಟರಲ್ಲಿ ಟಪ್ ಅಂತ ಕೂಡ ಸದ್ದಿಲ್ಲದೆ ಎಸಳು ಉದುರಿತು.

"ಬಿತ್ತು! ಬಲಕ್ಕ ಬಿತ್ತು ಯವ್ವಾ! ತಾಯಿ ಹೌದಂದ್ಲು!" ಕಾಕಾ ಎರಡೂ ಕೈ ಎತ್ತಿ ಮುಗಿದ.

ಆಯಿ ಸುಟ್ಟ ಕೈಯನ್ನು ಮುಂದೆ ಚಾಚಿದಳು. ಜಗಲಿಯ ಕಲ್ಲಿನ ಮೇಲೆ ಬೆರಳುಗಳು ತಡಕಾಡಿದವು. ಎಸಳು ಸಿಕ್ಕಿತು.

"ಎಡಕ್ಕ ಬಿದ್ದದ."

"ಎಡಕ್ಕ? ಇಲ್ಲಬೇ, ನಾ ಕಣ್ಣಾರೆ ನೋಡೇನಿ, ಬಲಕ್ಕ ಬಿದ್ದದ."

"ನಿನ್ನ ಬಲ ತಗೊಂಡು ನಾ ಏನ್ ಮಾಡ್ಲೋ ಬಸ್ಯಾ? ಹೂವು ಬಿದ್ದದ್ದು ತಾಯಿ ಕೆನ್ನಿ ಮ್ಯಾಲಿಂದ. ಆಕಿ ನಮ್ಮ ಕಡಿ ಮಾರಿ ಮಾಡಿ ಕುಂತಾಳ. ಆಕಿ ಬಲ ನೋಡಬೇಕು." ಆಯಿ ಎಸಳನ್ನು ಜಗಲಿಯ ಮೇಲೇ ಇಟ್ಟಳು. "ಆಕೀನೂ ಬ್ಯಾಡ ಅಂದ್ಲು. ಮುಗೀತು."

ಹೊಸ್ತಿಲ ಹೊರಗೆ ನಿಂತಿದ್ದ ಅಪ್ಪ ಮೊದಲು ನಕ್ಕುಬಿಟ್ಟ. ಆಮೇಲೆ ಬಾಗಿ ಇನ್ನೊಂದು ಎಸಳನ್ನು ದಿಟ್ಟಿಸಿದ, ಅದು ಇನ್ನೂ ಹಚ್ಚಿದಲ್ಲೇ ಇತ್ತು. ಅವನ ನಗು ನಿಂತಿತು. ನನ್ನನ್ನೂ ಕಾಕಾನನ್ನೂ ಪಡಸಾಲೆಗೆ ಕರೆದುಕೊಂಡು ಹೋಗಿ, "ಸುಮೀ, ಆ ಎಸಳಿಗೆ ಭಂಡಾರ ಸವರಿದ್ಯಾ?" ಅಂತ ಮೆಲ್ಲಗೆ ಕೇಳಿದ. ನನಗೆ ಅಳು ಬಂತು. ಕಾಕಾನೇ ಒಪ್ಪಿಕೊಂಡ. ದಿನವೂ ಒಳಗೆ ಹೋಗಿ ಕೈ ಮುಗಿಯುತ್ತಿದ್ದ ಕಾಕಾನಿಗೆ ತಾಯಿಯ ಬಲ ಯಾವುದೆಂದು ಗೊತ್ತಿರಲಿಲ್ಲ. ಮೂವತ್ತು ವರ್ಷದಿಂದ ಕಾಲಿಡದ ಅಪ್ಪನಿಗೆ ಅದೂ ಗೊತ್ತಿತ್ತು, ಭಂಡಾರಕ್ಕೆ ನೀರು ಬಿದ್ದರೆ ಗೋಂದಾಗುತ್ತದೆ ಅನ್ನುವುದೂ ಗೊತ್ತಿತ್ತು.

"ಮೂವತ್ತ ವರ್ಷ ಯವ್ವನ ಜೋಡಿ ಜಗಳಾಡೇನಿ. ಒಂದ ದಿನ ಮೋಸ ಮಾಡಿಲ್ಲ," ಅಪ್ಪ ಹಲ್ಲು ಕಚ್ಚಿ ಅಂದ.

"ಜಗಳಾಡಿ ಏನ್ ಮಾಡಿದಿ? ಕಣ್ಣು ಹೋಗಾಕತ್ತಾವು. ನಿನ್ನ ಖರೇನ ಕೋಲು ಮಾಡ್ಕೊಂಡು ಆಕಿ ಅಡ್ಡಾಡಬೇಕೇನು?"

"ಇಲ್ಲೀ ತನಕ ಆಕಿ ಒಬ್ಬಾಕಿ ಬ್ಯಾಡ ಅಂತಿದ್ಲು. ನಿನ್ನ ಪುಣ್ಯಾದಾಗ ಈಗ ಬ್ಯಾಡ ಅನ್ನವರು ಇಬ್ರಾದ್ರು."

"ಇನ್ನೊಮ್ಮೆ ಕೇಳಸ್ತೇನಿ. ಈ ಸಲ ಬರೋಬರಿ ಹಚ್ಚಸ್ತೇನಿ."

"ಹೌದಪಾ, ಕಾಪಿ ಹೊಡದೂ ಫೇಲಾಗಿ, ಮತ್ತ ಪರೀಕ್ಷಾಕ್ಕ ಕೂಡ್ತೇನಂತಿ."

ಕಾಕಾ ತಲೆ ತಗ್ಗಿಸಿದ. ಅವನ ಕಣ್ಣಲ್ಲಿ ನೀರಿತ್ತು. ಈಗ ಅನಿಸುತ್ತದೆ, ಅವನು ಆಯಿಯನ್ನು ಅಪ್ಪನಿಗಿಂತ ಕಡಿಮೆ ಪ್ರೀತಿಸಿರಲಿಲ್ಲ. ಹತ್ತಿರದ ದಾರಿಯಲ್ಲಿ ಹೋಗಿ ಬೇಗ ಮುಟ್ಟಬೇಕೆಂದಿದ್ದ, ಅಷ್ಟೇ. ಅಪ್ಪ ನನ್ನ ಕಡೆ ತಿರುಗಿದ. "ನಾ ಆಯಿಗೆ ಏನೂ ಹೇಳೂದಿಲ್ಲ. ಹಚ್ಚಿದ್ದು ನಿನ್ನ ಕೈ. ಹೇಳೂದು ಬಿಡೂದು ನಿನಗ ಬಿಟ್ಟದ್ದು" ಅಂದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಶನಿವಾರ ಆಯಿ ಅಂಗಳದ ಬಿಸಿಲಿಗೆ ಕೂತು ಸರಸಂಬಾದ ನಮ್ಮ ಹೊಲದಿಂದ ಬಂದಿದ್ದ ಹಸಿ ತೊಗರಿಕಾಯಿ ಸುಲಿಯುತ್ತಿದ್ದಳು. ಕಣ್ಣು ಬೇಡದ ಕೆಲಸ. ಕಾಯಿಯ ಬೆನ್ನು ಒತ್ತಿದರೆ ಕಾಳು ತಾನೇ ಹೆಬ್ಬೆರಳಿಗೆ ಬರುತ್ತಿತ್ತು, ಹುಳುಕು ಕಾಳನ್ನು ಬೆರಳೇ ಹೇಳುತ್ತಿತ್ತು. ನನಗೆ ತಪ್ಪು ಒಪ್ಪಿಕೊಳ್ಳುವ ಒಂದೇ ರೀತಿ ಗೊತ್ತಿತ್ತು, ಕಾನ್ವೆಂಟಿನ ಚಾಪೆಲ್ಲಿನಲ್ಲಿ ನೋಡಿದ್ದು. ಆಯಿಯ ಮುಂದೆ ಮಣ್ಣಿನಲ್ಲಿ ಮೊಣಕಾಲೂರಿ, ಕೈ ಜೋಡಿಸಿ, ಇಂಗ್ಲಿಷಿನಲ್ಲಿ ಶುರು ಮಾಡಿದೆ. "ಆಯಿ, ಐ ಹ್ಯಾವ್ ಸಿನ್ಡ್..." ಮುಂದೆ ಬರೀ ಬಿಕ್ಕು.

"ಕನ್ನಡದಾಗ ಅಳಬೇ, ತಿಳೀಲಿ," ಅಂದಳು ಆಯಿ.

ಕನ್ನಡದಲ್ಲಿ ಎಲ್ಲ ಹೇಳಿದೆ. ಎಸಳು, ಭಂಡಾರ, ಕಾಕಾ ಹೇಳಿದ ಎಡ, ಬಲ. ಆಯಿಯ ಬೆರಳುಗಳು ನಿಂತವು. ತೊಡೆಯ ಮೇಲಿದ್ದ ಕಾಯಿಗಳು ಜಾರಿ ನೆಲಕ್ಕೆ ಬಿದ್ದರೂ ಎತ್ತಿಕೊಳ್ಳಲಿಲ್ಲ.

"ನಿನಗ ಯಾರು ಹೇಳಂದ್ರು? ನಿಮ್ಮಪ್ಪಾ?"

"ಇಲ್ಲ ಆಯಿ. ನಿನ್ನ ಕಣ್ಣು ಹೋದ್ರ ನಾನ ತಗೊಂಡಂಗ ಆಗ್ತದ, ಅದಕ್ಕ ಹೇಳ್ದೆ."

ಆಯಿ ನನ್ನ ಮುಖ ಸವರಿ ಕಣ್ಣೀರು ಒರೆಸಿದಳು. ಆದರೆ ಅವತ್ತು ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಕಾಕಾ ಎರಡು ಸಲ ತಪ್ಪಾತಬೇ, ತಪ್ಪಾತು ಅಂತ ಕಾಲು ಹಿಡಿಯಲು ಬಂದರೂ ಮುಖ ತಿರುಗಿಸಿಕೊಂಡಳು. ಸಂಜೆ ಎಂದಿನಂತೆ ಅಪ್ಪ ಪುರಾಣ ತೆರೆದ.

"ಇವತ್ತ ಪುರಾಣ ಬ್ಯಾಡ," ಅಂದಳು ಆಯಿ. "ನಾಳೆ ಬೆಳಿಗ್ಗಿ ಜಳಕ ಮಾಡಿ ಒಳಗ ಬಾ. ಇನ್ನೊಮ್ಮೆ ಹೂ ಕೇಳ್ತೇನಿ. ನೀ ಹಚ್ಚು."

"ನಾನೇ? ಯವ್ವಾ, ನಾ ನಂಬೂದಿಲ್ಲ ಅಂತ ಊರಿಗೇ ಗೊತ್ತದ."

"ಅದಕ್ಕ ನೀನ ಬೇಕು. ನನ್ನ ಸಲುವಾಗಿ ಬಸ್ಯಾ ಸುಳ್ಳ ಹೇಳ್ತಾನ. ಬಸ್ಯಾನ ಸಲುವಾಗಿ ಈ ಕೂಸು ಹೇಳ್ತದ. ನಿನಗೂ ಆಪರೇಶನ್ನ ಬೇಕು, ಗೊತ್ತದ ನನಗ. ಆದ್ರ ನಿನ್ನ ಕೈ ಸುಳ್ಳ ಹೇಳೂದಿಲ್ಲ. ಮೂವತ್ತ ವರ್ಷ ನನ್ನ ಮಾರಿಗೆ ಖರೇ ಒಗದೀ. ಇನ್ನೊಂದಿನ ಒಗಿ."

ಅಪ್ಪ ಎದ್ದು ಅಂಗಳದಲ್ಲಿ ಅಡ್ಡಾಡಿದ. ಒಳಗೆ ಹೋದರೆ ಇಷ್ಟು ವರ್ಷದ ಹಟ ಮುರಿದಂತೆ, ಹೋಗದಿದ್ದರೆ ಆಯಿ ಕ್ಯಾಂಪಿಗೆ ಬರುವ ಮಾತೇ ಇಲ್ಲ. ಕಾಕಾ ಹಿಂದೆ ಹಿಂದೆಯೇ ಹೋಗಿ ಪಿಸುಗುಟ್ಟಿದ. "ಖರೇನ ಎಡಕ್ಕ ಬಿದ್ರ ಏನ್ ಮಾಡ್ತಿ ಅಣ್ಣಾ?" ಅಪ್ಪ ಅಂದದ್ದು ನನಗೆ ಕೇಳಿಸಿತು. "ಬಿದ್ರ ಬೀಳಲಿ. ಆಕಿ ನನ್ನ ಕೈ ನಂಬ್ಯಾಳ, ನಾ ಅದನ್ನರೆ ನಂಬಬೇಕಲ್ಲ."

ಭಾನುವಾರ ಅಪ್ಪ ಒದ್ದೆ ತಲೆಯಲ್ಲಿ ಬಂದವನು ಎಷ್ಟೋ ವರ್ಷದ ಮೇಲೆ ಆ ಬಾಗಿಲು ದಾಟುವಾಗ ಬಗ್ಗುವುದನ್ನು ಮರೆತು ಹಣೆ ತಾಗಿಸಿಕೊಂಡ.

"ನೋಡು, ತಾಯಿ ಬಗ್ಗಿಸಿದ್ಲು," ಆಯಿ ನಕ್ಕಳು. ಎರಡು ದಿನದಲ್ಲಿ ಮೊದಲ ನಗು.

"ಬಾಗಿಲಾ ಗಿಡ್ಡ ಅದಬೇ," ಅಪ್ಪ ಹಣೆ ಉಜ್ಜಿಕೊಳ್ಳುತ್ತ ಕೂತ. "ಮೊದಲ ಹೇಳಿಬಿಡ್ತೇನಿ ಯವ್ವಾ. ಎಸಳು ಬೀಳೂದು ತೂಕದಿಂದ, ನೀರಿನಿಂದ. ಎಡಕ್ಕ ಬಿದ್ರೂ ನಾ ನಿನಗ ಕ್ಯಾಂಪಿಗೆ ನಡಿ ಅಂತ ಅಂಗಲಾಚತೇನಿ. ಬಲಕ್ಕ ಬಿದ್ರೂ ತಾಯಿ ಹೇಳಿದ್ಲು ಅಂತ ನಾ ಅನ್ನೂದಿಲ್ಲ."

"ಅನಬ್ಯಾಡ. ಹಚ್ಚು."

ಲ್ಯಾಬೊರೇಟರಿಯಲ್ಲಿ ಎಕ್ಸ್‌ಪೆರಿಮೆಂಟ್ ತೋರಿಸುವಂತೆ ಅಪ್ಪ ಒಂದೇ ಹೂವಿನಿಂದ ಎರಡು ಎಸಳು ಆರಿಸಿ, ಒಂದರ ಮೇಲೊಂದಿಟ್ಟು ಅಳೆದ. ಒಂದೇ ಚಮಚದಿಂದ ಎರಡೂ ಕೆನ್ನೆಗೆ ಸಮಸಮ ನೀರು ಸವರಿದ. ಎಷ್ಟೋ ವರ್ಷದ ಭಂಡಾರ ಎರಡೂ ಕಡೆ ಒದ್ದೆಯಾಗಿ ಕೆಸರಾಯಿತು. ಎಸಳು ಅಂಟಿಸಿ, ಕೈ ಮುಗಿಯದೆ, ಮಡಿಲಲ್ಲಿ ಕೈಯಿಟ್ಟುಕೊಂಡು ಕೂತ. ನಾನು ಜೋಳದ ಚೀಲಕ್ಕೆ ಒರಗಿ ಕೂತೆ. ಅವ್ವ ಬಾಗಿಲಲ್ಲಿ, ಅವಳ ಹಿಂದೆ ಕಾಕಾ. ಬಿಸಿಲಿನ ಚೌಕ ಚೀಲದ ಹತ್ತಿರದಿಂದ ಜಗಲಿಯ ಬುಡಕ್ಕೆ ಬಂತು. ಎಸಳು ಬೀಳಲಿಲ್ಲ. ಸುಮ್ಮನೆ ಎಷ್ಟು ಹೊತ್ತು ಕೂರುತ್ತಾರೆ, ತಾಯಿ ಮಗ ಮಾತಿಗೆ ಇಳಿದರು.

"ಅಪ್ಪಗ ಆರಾಮಿಲ್ಲದಾಗ ಇಲ್ಲೇ ಕುಂತಿದ್ವಿ," ಅಂದ ಅಪ್ಪ, ನಾನು ನೋಡದ ಅಜ್ಜನನ್ನು ನೆನೆದು. "ಹೂ ನಾನ ಹಚ್ಚಿದ್ದೆ. ಬಲಕ್ಕ ಬಿದ್ದಿತ್ತು."

"ಹೂಂ. ಬಲಕ್ಕ ಬಿದ್ದಿತ್ತು."

"ಅಪ್ಪ ಉಳೀಲಿಲ್ಲ. ನೀ ಆಕಿಗೆ ಒಂದ ಮಾತು ಅನ್ನಲಿಲ್ಲ."

"ಯಾರಂದ್ರು ನಿನಗ?" ಆಯಿಯ ದನಿ ಗಟ್ಟಿಯಾಯಿತು. "ವರ್ಷಗಟ್ಟಲೆ ಬೈದೇನಿ. ನಿನ್ನಂಗ ಹೊರಗ ನಿಂತಲ್ಲ, ಇಲ್ಲೇ ಎದುರಿಗೆ ಕುಂತು ಬೈದೇನಿ. ಅವತ್ತಿನಿಂದ ಹೂ ಕೇಳೂದು ಬಿಟ್ಟೆ. ಆಕೀನ್ನ ಬಿಡಾಕ ಆಗಲಿಲ್ಲ, ಅದು ಬ್ಯಾರೆ ಮಾತು."

ಅಪ್ಪ ಆಕೆಯನ್ನೇ ನೋಡಿದ. ಅಷ್ಟು ವರ್ಷ ಪುರಾಣ ಓದಿ, ಸಾಲು ಸಾಲಿಗೂ ತಕರಾರು ತೆಗೆದವನಿಗೆ ಇದು ಗೊತ್ತೇ ಇರಲಿಲ್ಲ. ಬೇರೆಯೇ ದನಿಯಲ್ಲಿ ಕೇಳಿದ.

"ಯವ್ವಾ, ನಿನಗ ಯಾತರ ಅಂಜಿಕಿ?"

ನನಗೆ ಈಗಲೂ ಆ ಪ್ರಶ್ನೆ ಕಿವಿಯಲ್ಲಿದೆ. ಯಾಕೆ ನಂಬುತ್ತಿ ಅಂತ ಅಪ್ಪ ಆಕೆಯನ್ನು ಸಾವಿರ ಸಲ ಕೇಳಿದ್ದ. ನಂಬಿದರೆ ನಂಬಲಿ, ಕೆಲಸ ಆದರೆ ಸಾಕು ಅಂತ ಕಾಕಾ ಏನೂ ಕೇಳಿರಲಿಲ್ಲ. ಇದೊಂದನ್ನು ಇಬ್ಬರೂ ಕೇಳಿರಲಿಲ್ಲ. ಆಯಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಮಣ್ಣೂರಾಗ ನಮ್ಮಕ್ಕಗ ಹಿಂಗ ಕಣ್ಣ ಮುಸುಕಾಗಿದ್ವು. ಹೊಳಿ ದಂಡಿಗೆ ಒಬ್ಬಾಂವ ಬಂದು ಇಳದಿದ್ದ, ಸೂಜೀಲೆ ಪೊರಿ ಸರಸತೇನಂತ. ನಾಕ ಮಂದಿ ಹಿಡಕೊಂಡ್ವಿ ಆಕೀನ್ನ. ಕಾಲು ನಾ ಹಿಡಕೊಂಡಿದ್ದೆ. ಬಿಡು ತಂಗೀ ಬಿಡು ಅಂತ ಚೀರಿದ್ಲು, ನಾ ಬಿಡಲಿಲ್ಲ. ಹದಿನೈದ ದಿನದಾಗ ಎರಡೂ ಕಣ್ಣ ಕೀವಾಗಿ ಹೋದ್ವು. ಆಮ್ಯಾಲೆ ಆಕಿ ಭೀಮಾ ಹೊಳಿ ನೀರಿನ ಸಪ್ಪಳ ಕೇಳ್ಕೋತ ಕುಂತ ಬಿಟ್ಲು, ಸಾಯೂ ತನಕ."

ಬಾಗಿಲ ಹಿಂದೆ ಕಾಕಾ ಮೂಗು ಏರಿಸಿದ ಸದ್ದು ಕೇಳಿತು.

"ಬಸ್ಯಾ, ಹೊರಗ ನಿಂತು ಅಳಬ್ಯಾಡ. ಒಳಗ ಬಾ. ಆ ಕ್ಯಾಂಪಿನಾಗ ಕಣ್ಣಿಗೆ ಏನೇನು ಮಾಡ್ತಾರ, ಮೊದಲಿಂದ ಹೇಳು. ತಾಯಿ ಹೆಸರು ತಗೀಬ್ಯಾಡ. ಡಾಕ್ಟರ ಏನ್ ಮಾಡ್ತಾನ, ಅಷ್ಟ ಹೇಳು."

ಕಾಕಾ ಬಂದು ಆಯಿಯ ಮಗ್ಗುಲಲ್ಲಿ ಕೂತ. ಜೇಬಿನಲ್ಲಿ ಭಂಡಾರದ ಚೀಲ ಇತ್ತು, ಅದನ್ನು ಮುಟ್ಟಲಿಲ್ಲ. ಕಣ್ಣಿನ ಪಕ್ಕ ಇಂಜೆಕ್ಷನ್ ಕೊಟ್ಟು ಜೋಮು ಹಿಡಿಸುತ್ತಾರೆ, ಯಾರೂ ಕೈಕಾಲು ಹಿಡಿಯುವುದಿಲ್ಲ, ಎಲ್ಲ ಸಾಮಾನು ಕುದಿಯುವ ನೀರಿನಲ್ಲಿ ಹಾಕಿ ತೆಗೆಯುತ್ತಾರೆ, ಆಮೇಲೆ ಒಂದು ವಾರ ತಲೆ ಅಲುಗಿಸದೆ ಮಲಗಬೇಕು ಅಂತ ಬಿಡಿಸಿ ಬಿಡಿಸಿ ಹೇಳಿದ. ಆಯಿ ಅಡ್ಡ ಅಡ್ಡ ಪ್ರಶ್ನೆ ಕೇಳಿದಳು. ಕಡೆಗೆ, "ಎಲ್ಲಾರಿಗೂ ಛಲೋ ಆಗ್ತದೇನು?" ಅಂದಳು. ಕಾಕಾ ಅಪ್ಪನ ಮುಖ ನೋಡಿದ. ಆಮೇಲೆ ಆಯಿಯ ಕೈ ಹಿಡಿದ.

"ಎಲ್ಲಾರಿಗೂ ಅಂತ ಹೇಳಾಕ ಬರೂದಿಲ್ಲ ಯವ್ವಾ. ಭಾಳ ಮಂದಿಗೆ ಆಗ್ತದ. ಒಬ್ಬಿಬ್ಬರಿಗೆ ಕೆಡ್ತದ. ನಾ ಪೂರಾ ನಿನ್ನ ಮಗ್ಗಲಾಗ ಇರ್ತೇನಿ."

"ಈಗ ಹೇಳಿದಿ ನೋಡು ಮಾತು," ಅಂದಳು ಆಯಿ. ಕ್ಯಾಂಪಿನ ಟೈಮು ಹತ್ತಿರ ಬಂದಿತ್ತು. ಆಯಿ ಕೈಯೂರಿ ಎದ್ದಳು. "ಹೂವು?"

"ಎರಡೂ ಹಂಗೇ ಅದಾವು ಆಯಿ," ಅಂದೆ ನಾನು. ಆ ಮನೆಯಲ್ಲಿ ನಾನು ಹೇಳಿದ ಅತಿ ಎಚ್ಚರದ ಮಾತು ಅದು.

"ತಾಯಿ ಇನ್ನೂ ವಿಚಾರ ಮಾಡಾಕತ್ತಾಳ. ಮಾಡಲಿ. ಅಷ್ಟರಾಗ ನಾವು ಒಂದ ಕಣ್ಣು ತೋರಿಸಿಕೊಂಡು ಬರೂಣು ನಡೀರಿ. ನಾ ಬರೂ ತನಕ ಹೂ ಯಾರೂ ಮುಟ್ಟಬಾರದು."

ಆ ಮಾತನ್ನು ಅಪ್ಪ ಎಂಟು ದಿನ ಕಾಯ್ದ. ಅಲ್ಲಿ ಸ್ಕೂಲಿನ ಕೋಣೆಯಲ್ಲಿ ಒಂದು ಕಣ್ಣಿನ ಆಪರೇಶನ್ ಆಗಿ ಮಲಗಿದ ಆಯಿಯ ಮಗ್ಗುಲಲ್ಲಿ ಕಾಕಾ ಕೂತರೆ, ಇಲ್ಲಿ ಅಪ್ಪ ದೇವರ ಕೋಣೆಯ ಬಾಗಿಲಿಗೆ ಅಡ್ಡ ಒಂದು ಬೆಂಚು ಹಾಕಿ, ನೊಣವೂ ಎಸಳಿನ ಹತ್ತಿರ ಸುಳಿಯದಂತೆ ನೋಡಿಕೊಂಡ. ನಾಳೆ ಯಾರೋ ಮುಟ್ಟಿದರು ಅನ್ನುವ ಮಾತು ಬರಬಾರದಲ್ಲ. ದೇವರಿಗೆ ದೀಪ ಹಚ್ಚುವವರು ಯಾರು ಅಂತ ಅವ್ವ ಗೊಣಗಿದಳು. ಮರುದಿನದಿಂದ ಅಪ್ಪನೇ ಬೆಂಚು ದಾಟಿ ಹೋಗಿ ದೀಪ ಹಚ್ಚತೊಡಗಿದ. ಎಸಳು ಕಾಣಬೇಕಲ್ಲ, ಬೆಳಕಿಗೆ ಅಂತ ಹಚ್ಚಿದೆ ಅಂದ. ಅವ್ವ ಸೆರಗಿನಲ್ಲಿ ನಕ್ಕಳು.

ಪಟ್ಟಿ ಬಿಚ್ಚಿದ ದಿನ ಆಯಿ ಕಾಕಾನ ಹೆಗಲು ಹಿಡಿದು ಬಂದಳು, ಕಣ್ಣಿನ ಮೇಲೆ ಹಸಿರು ಬಟ್ಟೆಯ ಮರೆ. ಪಡಸಾಲೆಯಲ್ಲಿ ಮರೆಯನ್ನು ಒಂದಿಷ್ಟು ಎತ್ತಿ ಮೊದಲು ನೋಡಿದ್ದು ಅಪ್ಪನನ್ನು.

"ನಿನ್ನ ತೆಲಿ ಯಾವಾಗ ಇಷ್ಟ ಬೆಳ್ಳಗಾತೋ ಮಾಸ್ತರಾ?"

"ನಿನ್ನ ಜೋಡಿ ವಾದಾ ಮಾಡಿ ಮಾಡಿ," ಅಂದ ಅಪ್ಪ.

ಎಲ್ಲರೂ ಬಗ್ಗಿ ಬಗ್ಗಿ ಒಳಗೆ ಹೋದೆವು. ಅಪ್ಪ ಈ ಸಲ ಹಣೆ ತಾಗಿಸಿಕೊಳ್ಳಲಿಲ್ಲ. ಎಸಳುಗಳು ಎರಡೂ ಒಣಗಿ ಕಂದಾಗಿ, ತಾಯಿಯ ಎರಡೂ ಕೆನ್ನೆಯ ಮೇಲೆ ಹಚ್ಚಿದಲ್ಲೇ ಇದ್ದವು. ಆಯಿ ಹತ್ತಿರ ಹೋಗಿ, ಮುಖ ಓರೆ ಮಾಡಿ ಪೊರೆ ತೆಗೆದ ಕಣ್ಣನ್ನು ತಾಯಿಯ ಕಡೆ ತಂದು, ಸವೆದ ಮೂಗನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಉಗುರಿನಿಂದ ಎಸಳುಗಳನ್ನು ಎಬ್ಬಿಸಿ ಒಂದನ್ನು ಕಾಕಾನಿಗೆ ಕೊಟ್ಟಳು. ಇನ್ನೊಂದನ್ನು ಅಪ್ಪನ ಮುಂದೆ ಹಿಡಿದಳು.

"ಹೂವಂತ ತಗೋತೇನಿ ಯವ್ವಾ, ಪ್ರಸಾದಂತ ಅಲ್ಲ."

"ನಾ ಹೂವಂತನ ಕೊಡಾಕತ್ತೇನಿ, ತಗೋ."

ಅಪ್ಪ ಅದನ್ನು ಅಂಗಿಯ ಜೇಬಿಗೆ, ಪೆನ್ನಿನ ಹಿಂದೆ ಇಟ್ಟುಕೊಂಡ. ಆಯಿ ನನ್ನ ಕಡೆ ತಿರುಗಿದಳು.

"ಸುಮೀ, ಇಲ್ಲಿ ಬಾ. ತಾಯಿ ಬಲ ಯಾವುದು, ತೋರಸು."

ನಾನು ಬೆರಳು ಎತ್ತಿ ತೋರಿಸಲು ಹೋಗಿ ತಡೆದೆ. ಎಡವೋ ಬಲವೋ ಮತ್ತೆ ಗೊಂದಲ. ಜಗಲಿಯ ಹತ್ತಿರ ಹೋಗಿ, ತಾಯಿಗೆ ಬೆನ್ನು ಮಾಡಿ, ಆಕೆ ಕೂತಂತೆ ಎಲ್ಲರ ಕಡೆ ಮುಖ ಮಾಡಿ ನಿಂತೆ. ಅಲ್ಲಿಂದ ನಮ್ಮ ಮನೆಯನ್ನು ನಾನು ಯಾವತ್ತೂ ನೋಡಿರಲಿಲ್ಲ. ಬಿಸಿಲಿನ ಚೌಕದಲ್ಲಿ ಹಸಿರು ಮರೆಯ ಆಯಿ, ಆಕೆಯ ಒಂದು ಮಗ್ಗುಲಿಗೆ ಅಪ್ಪ, ಇನ್ನೊಂದು ಮಗ್ಗುಲಿಗೆ ಕಾಕಾ, ಬಾಗಿಲಲ್ಲಿ ಹಿಟ್ಟಿನ ಕೈಯ ಅವ್ವ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ನನ್ನ ಉತ್ತರಕ್ಕೆ ಕಾಯುತ್ತಿದ್ದರು.

ನಾನು ನನ್ನ ಬಲಗೈ ಎತ್ತಿದೆ.